ಗಡಿ ಅಳಿಸುವ ಮಾತು, ಗಡಿಯಲ್ಲಿ ಚೆಲ್ಲಿದ ಧಾನ್ಯ

2023ರ ಏಪ್ರಿಲ್ 5ರಂದು ಉಕ್ರೇನ್ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಅಧಿಕೃತ ಭೇಟಿ ನೀಡಿದರು. ಅಲ್ಲಿ ಸೇರಿದ್ದ ಜನರನ್ನುದ್ದೇಶಿಸಿ ಮಾತನಾಡುತ್ತ, ಯುದ್ಧ ಗೆದ್ದ ಮೇಲೆ ಎರಡೂ ಜನಾಂಗಗಳ ನಡುವೆ ರಾಜಕೀಯದ ಗಡಿಯಾಗಲಿ, ಆರ್ಥಿಕತೆಯ ಗಡಿಯಾಗಲಿ, ಇತಿಹಾಸದ ಗಡಿಯಾಗಲಿ ಉಳಿಯುವುದಿಲ್ಲ ಎಂಬ ಭರವಸೆಯನ್ನು ವ್ಯಕ್ತಪಡಿಸಿದರು. ಅದೇ ದಿನ ಪೋಲೆಂಡಿನ ಕೃಷಿ ಸಚಿವ ಹೆನ್ರಿಕ್ ಕೊವಾಲ್ಚಿಕ್ ರಾಜೀನಾಮೆ ಕೊಟ್ಟರು. ಉಕ್ರೇನಿನಿಂದ ಸುಂಕವಿಲ್ಲದೆ ಹರಿದುಬಂದ ಧಾನ್ಯದಿಂದಾಗಿ ತಮ್ಮ ಫಸಲಿಗೆ ಬೆಲೆ ಸಿಗುತ್ತಿಲ್ಲವೆಂದು ಪೋಲೆಂಡಿನ ರೈತರು ಬೀದಿಗಿಳಿದಿದ್ದರು. ಹತ್ತೇ ದಿನಗಳಲ್ಲಿ, ಏಪ್ರಿಲ್ 15ರಂದು, ಪೋಲೆಂಡ್ ಸರಕಾರ ಉಕ್ರೇನಿನ ಧಾನ್ಯದ ಆಮದನ್ನೇ ನಿಷೇಧಿಸಿತು.

ಒಂದೇ ದಿನ ಒಂದೇ ಊರಿನಲ್ಲಿ ನಡೆದ ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಯುದ್ಧ ಬಂದಾಗ ನೆರೆಯ ದೇಶಗಳು ಒಂದಾಗುವ ಮಾತು ಹುಟ್ಟುವುದು ಸಹಜ. ಎದುರಾಳಿ ಒಬ್ಬನೇ ಆಗಿರುವಾಗ ಹಳೆಯ ಜಗಳಗಳು ಸಣ್ಣದಾಗಿ ಕಾಣುತ್ತವೆ. ಆದರೆ ಸಣ್ಣದಾಗಿ ಕಂಡದ್ದು ತೀರಿದೆ ಎಂದು ಅರ್ಥವಲ್ಲ. ಯಾರ ಧಾನ್ಯ ಯಾರ ಮಾರುಕಟ್ಟೆಗೆ ಹೋಗಬೇಕು, ಗಡಿಯ ಊರು ಯಾರಿಗೆ ಸೇರಬೇಕು, ಯಾರು ಯಾರನ್ನು ಕೊಂದರು ಎಂಬ ಲೆಕ್ಕವನ್ನು ಬದಿಗಿಟ್ಟು ಮಾಡಿಕೊಂಡ ಒಕ್ಕೂಟದ ಯೋಜನೆಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಸುಂಕದ ದರಪಟ್ಟಿಯಂಥ ನೀರಸ ಕಾಗದಗಳು. ಪೋಲೆಂಡ್ ಮತ್ತು ಉಕ್ರೇನ್‌ಗಳ ಇಂದಿನ ಸಂಬಂಧವನ್ನು ಅಳೆಯುವಾಗ ಈ ಚರಿತ್ರೆ ಕೈಯಲ್ಲಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಇಂದಿನ ಮಾತು ಎಲ್ಲಿಂದ ಬಂತು ಎಂಬುದನ್ನು ನೋಡೋಣ. 2022ರ ಫೆಬ್ರುವರಿ 24ರಂದು ರಷ್ಯಾ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿದಾಗ ಲಕ್ಷಾಂತರ ಉಕ್ರೇನಿಯನ್ನರು, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಪೋಲೆಂಡಿನ ಗಡಿ ದಾಟಿದರು. ಮಾರ್ಚ್ 12ರಂದೇ ಪೋಲೆಂಡ್ ವಿಶೇಷ ಕಾಯ್ದೆ ತಂದು ಅವರಿಗೆ ಹದಿನೆಂಟು ತಿಂಗಳು ನೆಲೆಸುವ, ದುಡಿಯುವ, ಚಿಕಿತ್ಸೆ ಪಡೆಯುವ, ಮಕ್ಕಳನ್ನು ಶಾಲೆಗೆ ಕಳಿಸುವ ಹಕ್ಕು ಕೊಟ್ಟಿತು. ಮೇ 22ರಂದು ಅಂದಿನ ಪೋಲೆಂಡ್ ಅಧ್ಯಕ್ಷ ಆಂಜೆ ದೂದಾ ಕೀವ್‌ನ ಸಂಸತ್ತಿನಲ್ಲಿ ಖುದ್ದಾಗಿ ನಿಂತು, ಎರಡು ದೇಶಗಳ ನಡುವಿನ ಗಡಿ ಬೇರ್ಪಡಿಸುವಂಥದ್ದಾಗದೆ ಜೋಡಿಸುವಂಥದ್ದಾಗಬೇಕು ಎಂದರು. ಆಕ್ರಮಣ ಶುರುವಾದ ಮೇಲೆ ಅಲ್ಲಿಗೆ ಹೋಗಿ ಭಾಷಣ ಮಾಡಿದ ಮೊದಲ ವಿದೇಶಿ ರಾಷ್ಟ್ರಾಧ್ಯಕ್ಷರು ಅವರು. ಅದೇ ವರ್ಷದ ಜುಲೈಯಲ್ಲಿ ಉಕ್ರೇನ್ ಸಂಸತ್ತು ತನ್ನ ನೆಲದಲ್ಲಿರುವ ಪೋಲಿಷ್ ಪ್ರಜೆಗಳಿಗೆ ಅಂಥದ್ದೇ ಸೌಲಭ್ಯಗಳ ಕಾನೂನನ್ನು ಅಂಗೀಕರಿಸಿತು. ಇಷ್ಟಾದ ಮೇಲೆ ಎರಡೂ ದೇಶಗಳ ಮತ್ತು ಪಶ್ಚಿಮದ ಕೆಲವು ವಿಶ್ಲೇಷಕರು ಒಕ್ಕೂಟ ಎಂಬ ಪದವನ್ನೇ ಬಳಸತೊಡಗಿದರು. ಎರಡು ಸರಕಾರಗಳೂ ಅಂಥ ಪ್ರಸ್ತಾವವನ್ನು ಅಧಿಕೃತವಾಗಿ ಮುಂದಿಟ್ಟಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಾಗಿದ್ದೂ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಸೆರ್ಗೆಯ್ ನರಿಷ್ಕಿನ್ 2022ರ ಏಪ್ರಿಲ್‌ನಲ್ಲೇ, ಪೋಲೆಂಡ್ ಪಶ್ಚಿಮ ಉಕ್ರೇನನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟಿದೆ ಎಂದು ಆರೋಪಿಸಿದರು. ಪೋಲೆಂಡ್ ಅದನ್ನು ಅಲ್ಲಗಳೆಯಿತು. ಒಂದಾಗುವ ಮಾತನ್ನು ನುಂಗುವ ಮಾತಾಗಿ ತಿರುಚುವುದು ಎದುರಾಳಿಗೆ ಎಷ್ಟು ಸುಲಭ ಎಂಬುದು ಇದರಿಂದ ತಿಳಿಯುತ್ತದೆ.

ಈಗ 1940ಕ್ಕೆ ಹೋಗೋಣ. ಇಂಥ ಯೋಜನೆಗಳಲ್ಲೆಲ್ಲ ಅತ್ಯಂತ ದಿಟ್ಟವಾದದ್ದು ಬಾಳಿದ್ದು ಒಂದು ಸಂಜೆ ಮಾತ್ರ. ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ ಪ್ರವೇಶಿಸಿತ್ತು, ಫ್ರಾನ್ಸ್ ಸರಕಾರ ಬೋರ್ಡೋ ನಗರಕ್ಕೆ ಓಡಿಹೋಗಿತ್ತು. ಅದು ಪ್ರತ್ಯೇಕವಾಗಿ ಶರಣಾಗದಂತೆ ತಡೆಯಲೇಬೇಕೆಂದು ಲಂಡನ್ನಿನಲ್ಲಿ ಫ್ರೆಂಚ್ ಅಧಿಕಾರಿ ಝಾನ್ ಮೊನೆ, ಬ್ರಿಟಿಷ್ ರಾಜತಾಂತ್ರಿಕ ರಾಬರ್ಟ್ ವ್ಯಾನ್ಸಿಟಾರ್ಟ್ ಮೊದಲಾದವರು ಒಂದು ಘೋಷಣೆಯ ಕರಡು ಸಿದ್ಧಪಡಿಸಿದರು. ಫ್ರಾನ್ಸ್ ಮತ್ತು ಬ್ರಿಟನ್ ಇನ್ನು ಮುಂದೆ ಎರಡು ರಾಷ್ಟ್ರಗಳಲ್ಲ, ಒಂದೇ ಒಕ್ಕೂಟ. ರಕ್ಷಣೆ, ವಿದೇಶಾಂಗ, ಹಣಕಾಸು ಮತ್ತು ಆರ್ಥಿಕ ನೀತಿಗಳಿಗೆ ಜಂಟಿ ಸಂಸ್ಥೆಗಳು. ಫ್ರಾನ್ಸಿನ ಪ್ರತಿಯೊಬ್ಬ ಪ್ರಜೆಗೂ ತಕ್ಷಣ ಬ್ರಿಟಿಷ್ ಪೌರತ್ವ, ಬ್ರಿಟನ್ನಿನ ಪ್ರತಿಯೊಬ್ಬರಿಗೂ ಫ್ರೆಂಚ್ ಪೌರತ್ವ. ಯುದ್ಧ ಮುಗಿಯುವವರೆಗೆ ಒಂದೇ ಯುದ್ಧ ಸಂಪುಟ. ಜೂನ್ 16ರಂದು ಬ್ರಿಟಿಷ್ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಲಂಡನ್ನಿನಲ್ಲಿದ್ದ ಫ್ರೆಂಚ್ ಜನರಲ್ ಶಾರ್ಲ್ ಡಿ ಗಾಲ್ ಅದನ್ನು ದೂರವಾಣಿಯಲ್ಲಿ ಫ್ರಾನ್ಸಿನ ಪ್ರಧಾನಿ ಪಾಲ್ ರೆನೋ ಅವರಿಗೆ ಓದಿ ಹೇಳಿದರು. ರೆನೋ ಅದನ್ನು ಹಿಡಿದುಕೊಂಡು ತಮ್ಮ ಮಂತ್ರಿಮಂಡಲದ ಮುಂದೆ ಹೋದರು.

ಅಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಇನ್ನು ಕೆಲವೇ ವಾರಗಳಲ್ಲಿ ಬ್ರಿಟನ್ನೂ ಸೋಲುತ್ತದೆ ಎಂದು ನಂಬಿದ್ದ ಉಪಪ್ರಧಾನಿ ಮಾರ್ಷಲ್ ಪೆತಾಂ ಅವರಿಗೆ ಇದು ಹೆಣದೊಂದಿಗೆ ಕೂಡಿಕೆಯಾಗಿ ಕಂಡಿತೆಂದು ಚರ್ಚಿಲ್ ಬರೆದಿದ್ದಾರೆ. ಫ್ರಾನ್ಸನ್ನು ಬ್ರಿಟನ್ನಿನ ಅಧೀನ ದೇಶವನ್ನಾಗಿ ಮಾಡುವ ಹುನ್ನಾರವೆಂದು ಬೇರೆಯವರು ಸಂಶಯಪಟ್ಟರು. ಅತ್ತ ಚರ್ಚಿಲ್, ಮರುದಿನ ರೆನೋ ಅವರನ್ನು ಫ್ರಾನ್ಸಿನ ಬ್ರಿಟನಿ ತೀರದ ಕೊಂಕಾರ್ನೋದಲ್ಲಿ ಭೇಟಿಯಾಗಲೆಂದು ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ಕುಳಿತಿದ್ದರು. ರೈಲು ಹೊರಡಲೇ ಇಲ್ಲ. ಬೋರ್ಡೋದಲ್ಲಿ ಸರಕಾರ ಬಿಕ್ಕಟ್ಟಿಗೆ ಸಿಲುಕಿದೆ ಎಂಬ ಸುದ್ದಿ ಬಂತು, ಅವರು ಇಳಿದು ಮನೆಗೆ ಹಿಂತಿರುಗಿದರು. ಅಂದೇ ರಾತ್ರಿ ರೆನೋ ರಾಜೀನಾಮೆ ಕೊಟ್ಟು ಪೆತಾಂ ಅಧಿಕಾರಕ್ಕೆ ಬಂದರು. ಜೂನ್ 22ರಂದು ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಬಿತ್ತು. ಒಕ್ಕೂಟದ ಪ್ರಸ್ತಾವವಾದ ಹದಿನೇಳನೇ ದಿನಕ್ಕೆ, ಜುಲೈ 3ರಂದು, ಅಲ್ಜೀರಿಯಾದ ಮೆರ್ಸ್ ಎಲ್ ಕಬೀರ್ ಬಂದರಿನಲ್ಲಿದ್ದ ಫ್ರೆಂಚ್ ನೌಕಾಪಡೆ ಜರ್ಮನಿಯ ಕೈಸೇರದಿರಲೆಂದು ಬ್ರಿಟಿಷ್ ಹಡಗುಗಳು ಅದರ ಮೇಲೆ ಗುಂಡಿನ ಮಳೆಗರೆದವು. ಸುಮಾರು 1,300 ಫ್ರೆಂಚ್ ನಾವಿಕರು ಸತ್ತರು. ಪ್ರಸ್ತಾವ ಒಪ್ಪಿಗೆಯಾಗಿದ್ದರೆ ಅವರೆಲ್ಲರೂ ಬ್ರಿಟಿಷ್ ಪೌರರೂ ಆಗಿರುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಸೋಲನ್ನಷ್ಟೇ ಅಲ್ಲ, ಉದ್ದೇಶವನ್ನು. ಒಕ್ಕೂಟ ಅಲ್ಲಿ ಗುರಿಯಾಗಿರಲಿಲ್ಲ, ಸಾಧನವಾಗಿತ್ತು. ಫ್ರಾನ್ಸಿನ ನೌಕಾಪಡೆ ಮತ್ತು ಉತ್ತರ ಆಫ್ರಿಕಾದ ನೆಲ ಯುದ್ಧದಲ್ಲಿ ಉಳಿಯಬೇಕಿತ್ತು, ಅದಕ್ಕೆ ಇದೊಂದು ದಾರಿ. ಸೋಲುತ್ತಿರುವವನಿಗೆ ಕೈಚಾಚಿ ಕೊಡುವ ಒಕ್ಕೂಟವನ್ನು ಅವನು ಔದಾರ್ಯವೆಂದೂ ಓದಬಹುದು, ಆಸ್ತಿಗೆ ಹಾಕಿದ ಕಣ್ಣೆಂದೂ ಓದಬಹುದು. ಎರಡನೆಯ ಓದು ಬೋರ್ಡೋದಲ್ಲಿ ಗೆದ್ದಿತು.

ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾದ ಕಥೆ ಇದಕ್ಕಿಂತ ನಿಧಾನವಾದದ್ದು, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಹೆಚ್ಚು ಕಲಿಸುವಂಥದ್ದು. ಎರಡೂ ದೇಶಗಳು ಜರ್ಮನಿಯ ಆಕ್ರಮಣಕ್ಕೆ ತುತ್ತಾಗಿದ್ದವು, ಎರಡರ ಸರಕಾರಗಳೂ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದವು. ಒಂಟಿಯಾಗಿದ್ದರೆ ದೊಡ್ಡ ನೆರೆಯವರು ಮತ್ತೆ ತುಳಿಯುತ್ತಾರೆ ಎಂಬುದು ಇಬ್ಬರಿಗೂ ಮನವರಿಕೆಯಾಗಿತ್ತು. ಪೋಲೆಂಡಿನ ಪ್ರಧಾನಿ ಜನರಲ್ ವ್ವಾದಿಸ್ವಾವ್ ಸಿಕೋರ್ಸ್ಕಿ ಅವರ ಸರಕಾರ ಮತ್ತು ಚೆಕೊಸ್ಲೊವಾಕಿಯಾದ ಅಧ್ಯಕ್ಷ ಎಡ್ವರ್ಡ್ ಬೆನೆಶ್ ಅವರ ಸರಕಾರ 1940ರ ನವೆಂಬರ್ 11ರಂದು ಜಂಟಿ ಘೋಷಣೆ ಹೊರಡಿಸಿ, ಯುದ್ಧ ಮುಗಿದ ಮೇಲೆ ತಾವು ನಿಕಟ ರಾಜಕೀಯ ಮತ್ತು ಆರ್ಥಿಕ ಒಡನಾಟಕ್ಕೆ ಬರುವುದಾಗಿ ಹೇಳಿದವು. 1942ರ ಜನವರಿಯಲ್ಲಿ ಅದು ಕಾನ್ಫೆಡರೇಷನ್ ಒಪ್ಪಂದದ ರೂಪ ಪಡೆಯಿತು. ಕಾನ್ಫೆಡರೇಷನ್ ಎಂದರೆ ಸಾರ್ವಭೌಮತ್ವ ಉಳಿಸಿಕೊಂಡೇ ಕೆಲವು ವಿಷಯಗಳಲ್ಲಿ ಒಟ್ಟಾಗಿ ನಡೆಯುವ ರಾಜ್ಯಗಳ ಕೂಟ. ನಮ್ಮ ದೇಶದಂತೆ ಕೇಂದ್ರಕ್ಕೆ ತನ್ನದೇ ಅಧಿಕಾರವಿರುವ ಒಕ್ಕೂಟವಲ್ಲ. ಎರಡೂ ಸೇನೆಗಳಿಗೆ ಒಂದೇ ಜನರಲ್ ಸ್ಟಾಫ್ (ಯುದ್ಧ ಯೋಜಿಸುವ ಉನ್ನತ ಸೇನಾ ಕಚೇರಿ), ಒಂದೇ ಸುಂಕ ವ್ಯವಸ್ಥೆ, ವಿದೇಶಾಂಗ ಮತ್ತು ಹಣಕಾಸು ನೀತಿಗಳ ಹೊಂದಾಣಿಕೆ, ರೈಲು ರಸ್ತೆಗಳ ಜಂಟಿ ಯೋಜನೆ, ಬೇರೆ ದೇಶಗಳೂ ಸೇರಲು ಅವಕಾಶ, ಇವೆಲ್ಲ ಅದರಲ್ಲಿದ್ದವು. ಅದೇ ತಿಂಗಳ 15ರಂದು ಗ್ರೀಸ್ ಮತ್ತು ಯುಗೊಸ್ಲಾವಿಯಾದ ಸರಕಾರಗಳೂ ಲಂಡನ್ನಿನಲ್ಲೇ ಬಾಲ್ಕನ್ ಒಕ್ಕೂಟದ ಒಪ್ಪಂದಕ್ಕೆ ಸಹಿ ಮಾಡಿದ್ದವು. ಬಾಲ್ಟಿಕ್ ಸಮುದ್ರದಿಂದ ಏಜಿಯನ್ ಸಮುದ್ರದವರೆಗೆ ಸಣ್ಣ ದೇಶಗಳ ಒಂದು ಸರಪಳಿ ಬೆಳೆಯಬಹುದೆಂಬ ಆಸೆ ಆ ಚಳಿಗಾಲದಲ್ಲಿ ಹಲವರಿಗಿತ್ತು.

ಆದರೆ ಒಪ್ಪಂದ ಮುಟ್ಟದೆ ಬಿಟ್ಟ ಒಂದು ಊರಿತ್ತು. ಪೋಲಿಷರು ಚೆಶಿನ್ ಎಂದೂ ಚೆಕ್ಕರು ಟೆಶಿನ್ ಎಂದೂ ಕರೆಯುವ ಆ ಊರಿನ ನಡುವೆ ಓಲ್ಜಾ ಎಂಬ ಸಣ್ಣ ನದಿ ಹರಿಯುತ್ತದೆ. ಸುತ್ತ ಕಲ್ಲಿದ್ದಲು ಗಣಿಗಳು, ಉಕ್ಕಿನ ಕಾರ್ಖಾನೆ, ಮತ್ತು ಚೆಕ್ ನಾಡನ್ನು ಸ್ಲೊವಾಕಿಯಾಕ್ಕೆ ಜೋಡಿಸುವ ರೈಲು ಮಾರ್ಗ. 1919ರ ಜನವರಿಯಲ್ಲಿ ಈ ಪ್ರದೇಶಕ್ಕಾಗಿ ಎರಡು ದೇಶಗಳು ಏಳು ದಿನ ಯುದ್ಧ ಮಾಡಿದ್ದವು. 1920ರ ಜುಲೈಯಲ್ಲಿ ಮಿತ್ರರಾಷ್ಟ್ರಗಳು ನದಿಯ ಉದ್ದಕ್ಕೆ ಗೆರೆ ಎಳೆದು ಊರನ್ನೇ ಎರಡಾಗಿ ಸೀಳಿದವು: ಹಳೆಯ ಕೋಟೆ ಮತ್ತು ಪೇಟೆ ಪೋಲೆಂಡಿಗೆ, ರೈಲು ನಿಲ್ದಾಣ ಚೆಕೊಸ್ಲೊವಾಕಿಯಾಕ್ಕೆ. ನಿನ್ನೆಯವರೆಗೆ ಸೇತುವೆ ದಾಟಿ ರೈಲಿಗೆ ಹೋಗುತ್ತಿದ್ದವರು ಬೇರೆ ದೇಶಕ್ಕೆ ಹೋಗಬೇಕಾಯಿತು. ನದಿಯಾಚೆ ಉಳಿದ ಪೋಲಿಷ್ ಜನರ ವಿಷಯ ಪೋಲೆಂಡಿಗೆ ಮಾಯದ ಹುಣ್ಣಾಯಿತು. 1938ರಲ್ಲಿ ಮ್ಯೂನಿಕ್ ಒಪ್ಪಂದದ ಮೂಲಕ ಹಿಟ್ಲರ್ ಚೆಕೊಸ್ಲೊವಾಕಿಯಾವನ್ನು ಹರಿದಾಗ, ಅದೇ ಗಳಿಗೆ ನೋಡಿ ಪೋಲೆಂಡ್ ಅಂತಿಮ ಎಚ್ಚರಿಕೆ ಕೊಟ್ಟು ಅಕ್ಟೋಬರ್‌ನಲ್ಲಿ ಆ ಭಾಗವನ್ನು ವಶಪಡಿಸಿಕೊಂಡಿತು. ನೆರೆಮನೆಗೆ ಬೆಂಕಿ ಬಿದ್ದಾಗ ಬೇಲಿ ಸರಿಸಿದ ಹಾಗೆ ಅದು ಚೆಕ್ಕರಿಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎರಡೇ ವರ್ಷಗಳ ಮೇಲೆ ಇದೇ ಇಬ್ಬರು ಲಂಡನ್ನಿನಲ್ಲಿ ಒಂದೇ ಮೇಜಿಗೆ ಕುಳಿತಾಗ, ಚೆಶಿನ್ ಯಾರದೆಂಬುದನ್ನು ಇತ್ಯರ್ಥ ಮಾಡದೆ ಮುಂದೂಡಿದರು. ಬೆನೆಶ್ ಮ್ಯೂನಿಕ್‌ಗಿಂತ ಮುಂಚಿನ ಗಡಿ ಮರಳಬೇಕೆಂದರು. ಪೋಲಿಷರು ತಮ್ಮ ಹಕ್ಕನ್ನು ಬಿಡಲಿಲ್ಲ. ಇನ್ನೊಂದು ಆತಂಕವೂ ಇತ್ತು: ಯುದ್ಧಕ್ಕೆ ಮುಂಚೆ ಪೋಲೆಂಡಿನ ಜನಸಂಖ್ಯೆ ಸುಮಾರು 3.5 ಕೋಟಿ, ಚೆಕೊಸ್ಲೊವಾಕಿಯಾದ್ದು ಸುಮಾರು 1.5 ಕೋಟಿ. ಚಿಕ್ಕವನು ದೊಡ್ಡವನ ಜೊತೆ ಮನೆ ಕಟ್ಟುವಾಗ ಬಾಗಿಲ ಬೀಗದ ಕೈ ಯಾರ ಬಳಿ ಎಂದು ಕೇಳಿಯೇ ಕೇಳುತ್ತಾನೆ.

ಯೋಜನೆಯನ್ನು ಕೊನೆಗೆ ಮುರಿದದ್ದು ಮಾತ್ರ ಮೂರನೆಯ ಶಕ್ತಿ. ಪೋಲೆಂಡಿನ ಪೂರ್ವಾರ್ಧವನ್ನು 1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಆಕ್ರಮಿಸಿತ್ತು. ಆದ್ದರಿಂದ ಸಿಕೋರ್ಸ್ಕಿ ಸರಕಾರಕ್ಕೆ ಒಕ್ಕೂಟ ಬೇಕಾದದ್ದು ಜರ್ಮನಿಯ ಎದುರಿಗಷ್ಟೇ ಅಲ್ಲ, ಮಾಸ್ಕೋ ಎದುರಿಗೂ. ಬೆನೆಶ್ ಅವರ ಲೆಕ್ಕ ಬೇರೆ. ಮ್ಯೂನಿಕ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕೈಬಿಟ್ಟ ನೋವು ಅವರಲ್ಲಿತ್ತು, ಹಾಗಾಗಿ ಮಾಸ್ಕೋ ಅವರಿಗೆ ಭರವಸೆಯಾಗಿ ಕಂಡಿತು. 1940ರ ನವೆಂಬರ್ ಹೊತ್ತಿಗೆ ಅವರ ಸರಕಾರಕ್ಕೆ ಬ್ರಿಟನ್ ಕೊಟ್ಟಿದ್ದದ್ದು ತಾತ್ಕಾಲಿಕ ಮಾನ್ಯತೆ ಮಾತ್ರ. ಪೋಲಿಷರ ಜೊತೆಗಿನ ಘೋಷಣೆ ಅವರ ಸ್ಥಾನಮಾನವನ್ನು ಎತ್ತಿಹಿಡಿಯಿತು. ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಮೇಲೆ, 1941ರ ಜುಲೈ 18ರಂದು, ಮಾಸ್ಕೋ ಮತ್ತು ಲಂಡನ್ ಎರಡೂ ಅವರಿಗೆ ಪೂರ್ಣ ಮಾನ್ಯತೆ ಕೊಟ್ಟವು. ಅಂದಿನಿಂದ ಪೋಲಿಷರ ಅಗತ್ಯ ಅವರಿಗೆ ಕಡಿಮೆಯಾಯಿತು. 1942ರ ಬೇಸಿಗೆಯಲ್ಲಿ ಸೋವಿಯತ್ ರಾಯಭಾರಿ ಕಾನ್ಫೆಡರೇಷನ್‌ಗೆ ತಮ್ಮ ವಿರೋಧವಿದೆಯೆಂದು ತಿಳಿಸಿದರು. 1943ರ ಏಪ್ರಿಲ್‌ನಲ್ಲಿ ರಷ್ಯಾದ ಕತಿನ್ ಕಾಡಿನಲ್ಲಿ ಸೋವಿಯತ್ ರಹಸ್ಯ ಪೊಲೀಸರು ಕೊಂದಿದ್ದ ಪೋಲಿಷ್ ಸೇನಾಧಿಕಾರಿಗಳ ಸಾಮೂಹಿಕ ಗೋರಿಗಳು ಸಿಕ್ಕ ಸುದ್ದಿ ಹೊರಬಿತ್ತು, ಪೋಲೆಂಡ್ ತನಿಖೆ ಕೇಳಿತು, ಮಾಸ್ಕೋ ಸಂಬಂಧವನ್ನೇ ಕಡಿದುಕೊಂಡಿತು. ಮರುತಿಂಗಳು ಬೆನೆಶ್ ಸರಕಾರ ಮಾತುಕತೆಯನ್ನು ನಿಲ್ಲಿಸಿತು. ಜುಲೈ 4ರಂದು ಸಿಕೋರ್ಸ್ಕಿ ಜಿಬ್ರಾಲ್ಟರ್ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಡಿಸೆಂಬರ್ 12ರಂದು ಬೆನೆಶ್ ಮಾಸ್ಕೋದಲ್ಲಿದ್ದರು. ಅಂದು ಅಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಮೈತ್ರಿ ಒಪ್ಪಂದಕ್ಕೆ ಸಹಿಯಾಯಿತು.

ಬೆನೆಶ್ ಅವರನ್ನು ಸುಲಭವಾಗಿ ದೂರುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಕೆಂಪು ಸೇನೆಯೇ ತಮ್ಮ ನೆಲವನ್ನು ಬಿಡಿಸಲಿದೆ ಎಂಬುದು ಅವರಿಗೆ ಕಾಣುತ್ತಿತ್ತು, ಅದು ಸುಳ್ಳಾಗಲಿಲ್ಲ. ಆದರೆ ಒಂದು ಮಾತು ನಿಜ: ಶತ್ರು ಯಾರು ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಅರ್ಧದಷ್ಟೇ ಒಂದಾಗಿತ್ತು, ಒಕ್ಕೂಟ ನಿಂತದ್ದೂ ಆ ಅರ್ಧದ ಮೇಲೆಯೇ. ಚೆಶಿನ್ ಗಡಿ ಪೂರ್ತಿ ಇತ್ಯರ್ಥವಾದದ್ದು 1958ರ ಒಪ್ಪಂದದಿಂದ, 1920ರ ಗೆರೆಯನ್ನೇ ಒಪ್ಪಿಕೊಂಡು. ಓಲ್ಜಾ ಸೇತುವೆಯ ಮೇಲಿನ ಪಾಸ್‌ಪೋರ್ಟ್ ತಪಾಸಣೆ ನಿಂತದ್ದು 2007ರ ಡಿಸೆಂಬರ್ 21ರಂದು, ಎರಡೂ ದೇಶಗಳು ಒಳಗಡಿ ತಪಾಸಣೆಯಿಲ್ಲದ ಯುರೋಪಿನ ಷೆಂಗೆನ್ ವಲಯ ಸೇರಿದಾಗ. ಈಗ ಪೋಲಿಷ್ ಕಡೆಯವರು ಸೇತುವೆ ದಾಟಿ ಚೆಕ್ ಕಡೆಯ ನಿಲ್ದಾಣದಲ್ಲಿ ರೈಲು ಹತ್ತುವುದಕ್ಕೆ ಯಾವ ಕಾಗದವನ್ನೂ ತೋರಿಸಬೇಕಿಲ್ಲ.

ಅದೇ ಲಂಡನ್ನಿನಲ್ಲಿ ಇನ್ನೊಂದು ಮೇಜೂ ಇತ್ತು. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಸರಕಾರಗಳು 1943ರ ಅಕ್ಟೋಬರ್‌ನಲ್ಲಿ ಹಣದ ವಿನಿಮಯದ ಬಗ್ಗೆ, 1944ರ ಸೆಪ್ಟೆಂಬರ್ 5ರಂದು ಸುಂಕದ ಬಗ್ಗೆ ಒಪ್ಪಂದ ಮಾಡಿಕೊಂಡವು. ಒಂದೇ ಸೇನೆ, ಒಂದೇ ಪೌರತ್ವ ಎಂಬ ಮಾತು ಅದರಲ್ಲಿರಲಿಲ್ಲ. ಹೊರಗಿನಿಂದ ಬರುವ ಸರಕಿಗೆ ಮೂವರೂ ಒಂದೇ ಸುಂಕ ಹಾಕುವುದು, ತಮ್ಮೊಳಗೆ ಸುಂಕ ಹಾಕದಿರುವುದು, ಇಷ್ಟೇ. ಯುದ್ಧದಿಂದ ನೆಲಕಚ್ಚಿದ್ದ ಆರ್ಥಿಕತೆಗಳಲ್ಲಿ ಅದನ್ನೂ ತಕ್ಷಣ ಜಾರಿಗೆ ತರಲಾಗಲಿಲ್ಲ, 1948ರ ಜನವರಿ 1ರವರೆಗೆ ಕಾಯಬೇಕಾಯಿತು. ಆದರೆ ಬೆನೆಲಕ್ಸ್ ಎಂಬ ಹೆಸರಿನ ಈ ಮೂವರ ಕೂಟ ಇಂದಿಗೂ ಇದೆ. 1940ರ ಕರಡು ಬರೆದ ಝಾನ್ ಮೊನೆ ಸಹ ಹತ್ತು ವರ್ಷಗಳ ಮೇಲೆ ದಾರಿ ಬದಲಿಸಿದರು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಓದಿದ, ಮೊನೆ ರೂಪಿಸಿದ ಘೋಷಣೆ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಪ್ರಾಧಿಕಾರದಡಿ ತರುವುದರ ಬಗ್ಗೆ ಮಾತನಾಡಿತು, ರಾಷ್ಟ್ರಗಳನ್ನು ಒಂದೇ ಏಟಿಗೆ ಬೆಸೆಯುವುದರ ಬಗ್ಗೆ ಅಲ್ಲ. ಇಂದಿನ ಐರೋಪ್ಯ ಒಕ್ಕೂಟ ಬೆಳೆದದ್ದು ಅಲ್ಲಿಂದ.

ಕಾಗದದ ಮೇಲೆ ಪೂರ್ಣವಾಗಿರುವ ಒಕ್ಕೂಟ ಇಂದು ಬೇಕಿದ್ದರೆ ರಷ್ಯಾ ಮತ್ತು ಬೆಲರೂಸ್‌ಗಳದ್ದನ್ನು ನೋಡಬಹುದು. 1999ರ ಡಿಸೆಂಬರ್ 8ರ ಒಪ್ಪಂದದಿಂದ ಹುಟ್ಟಿದ ಅವರ ಒಕ್ಕೂಟ ರಾಜ್ಯಕ್ಕೆ ಸಮಾನ ಸಾರ್ವಭೌಮರ ಕೂಟವೆಂಬ ವಿವರಣೆ ಇದೆ. 2022ರ ಫೆಬ್ರುವರಿಯಲ್ಲಿ ಕೀವ್ ಕಡೆಗೆ ನುಗ್ಗಿದ ರಷ್ಯಾದ ಸೇನೆ ಹೊರಟದ್ದು ಬೆಲರೂಸ್ ನೆಲದಿಂದ. ಆ ಸಮಾನತೆ ಎಂಥದ್ದೆಂಬುದನ್ನು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಾದರೆ ಪೋಲೆಂಡ್ ಮತ್ತು ಉಕ್ರೇನ್ ಎಲ್ಲಿ ನಿಂತಿವೆ? ಶತ್ರುವಿನ ವಿಷಯದಲ್ಲಿ ಸಿಕೋರ್ಸ್ಕಿ ಮತ್ತು ಬೆನೆಶ್ ನಡುವೆ ಇದ್ದ ಬಿರುಕು ಇವರ ನಡುವೆ ಇಲ್ಲ. ಅಪಾಯ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ವಾರ್ಸಾ ಮತ್ತು ಕೀವ್ ಒಂದೇ ಮಾತು ಹೇಳುತ್ತವೆ. ಇದು ದೊಡ್ಡ ಬಲ. ಗಡಿಯ ಬಗ್ಗೆಯೂ ಎರಡು ಸರಕಾರಗಳ ನಡುವೆ ತಕರಾರಿಲ್ಲ. ಉಳಿದಿರುವುದು ನೆನಪು ಮತ್ತು ಅನ್ನದ ಪ್ರಶ್ನೆಗಳು. 1569ರ ಲುಬ್ಲಿನ್ ಒಪ್ಪಂದದಿಂದ ರೂಪುಗೊಂಡ ಪೋಲೆಂಡ್–ಲಿಥುವೇನಿಯಾ ಸಂಯುಕ್ತ ರಾಜ್ಯ ಪೋಲಿಷರಿಗೆ ವೈಭವದ ಕಾಲ. ಅದೇ ರಾಜ್ಯ ಉಕ್ರೇನಿಯನ್ನರ ನೆನಪಿನಲ್ಲಿ ಪೋಲಿಷ್ ಜಮೀನ್ದಾರರ ಆಳ್ವಿಕೆ, ಅದರ ವಿರುದ್ಧ ಕೊಸಾಕ್ ಯೋಧರು ಎದ್ದ 1648ರ ದಂಗೆ. ಅದಕ್ಕಿಂತ ಹಸಿಯಾದದ್ದು ಇಂದಿನ ಪಶ್ಚಿಮ ಉಕ್ರೇನಿನಲ್ಲಿರುವ ವೋಲಿನಿಯಾದ ನೆನಪು. 1943ರಲ್ಲಿ ಅಲ್ಲಿ ಉಕ್ರೇನಿನ ಬಂಡುಕೋರ ಸೇನೆಯವರು ಹತ್ತಾರು ಸಾವಿರ ಪೋಲಿಷ್ ಗ್ರಾಮಸ್ಥರನ್ನು ಕೊಂದರು. ಪೋಲಿಷ್ ಕಡೆಯಿಂದ ನಡೆದ ಪ್ರತೀಕಾರದಲ್ಲಿ ಉಕ್ರೇನಿಯನ್ನರೂ ಸತ್ತರು. ಪೋಲೆಂಡಿನ ಸಂಸತ್ತು 2016ರಲ್ಲಿ ಅದನ್ನು ನರಮೇಧವೆಂದು ಕರೆದಾಗ ಕೀವ್‌ಗೆ ಅದು ಹಿಡಿಸಲಿಲ್ಲ. ಹೆಣಗಳನ್ನು ಹೊರತೆಗೆದು ಗುರುತಿಸಿ ಮತ್ತೆ ಸಂಸ್ಕಾರ ಮಾಡುವ ಕೆಲಸ ವರ್ಷಗಟ್ಟಲೆ ನಿಂತುಹೋಗಿತ್ತು. 2025ರ ವಸಂತದಲ್ಲಿ ತೆರ್ನೋಪಿಲ್ ಪ್ರಾಂತ್ಯದ ಪುಜ್ನಿಕಿ ಎಂಬ ಅಳಿದುಹೋದ ಹಳ್ಳಿಯಲ್ಲಿ ಅದು ಮತ್ತೆ ಶುರುವಾಯಿತು. ಕನಿಷ್ಠ 42 ಜನರ ಅವಶೇಷಗಳು ಸಿಕ್ಕವು. ಸಂಸತ್ತಿನಲ್ಲಿ ಮಾಡಿದ ಯಾವ ಭಾಷಣಕ್ಕಿಂತಲೂ ಆ ಅಗೆತ ಎರಡು ದೇಶಗಳನ್ನು ಹೆಚ್ಚು ಹತ್ತಿರ ತಂದಿದೆ ಎಂದು ನಾನು ನಂಬುತ್ತೇನೆ.

ಧಾನ್ಯದ ಪ್ರಶ್ನೆಗೆ ಇನ್ನೂ ಅಂಥ ಉತ್ತರ ಸಿಕ್ಕಿಲ್ಲ. ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ಉಕ್ರೇನಿನ ಗೋಧಿ, ಮೆಕ್ಕೆಜೋಳ ರೈಲು ಮತ್ತು ಲಾರಿಗಳಲ್ಲಿ ಪಶ್ಚಿಮಕ್ಕೆ ತಿರುಗಿದವು. ಬೇರೆ ದೇಶಗಳಿಗೆ ಹೋಗಬೇಕಾದ ಮಾಲಿನ ಒಂದು ಭಾಗ ಪೋಲೆಂಡಿನಲ್ಲೇ ಉಳಿದು ಅಲ್ಲಿಯ ಬೆಲೆ ಕೆಡಿಸಿತು. 2023ರ ನವೆಂಬರ್‌ನಲ್ಲಿ ಪೋಲಿಷ್ ಲಾರಿ ಮಾಲೀಕರು ಗಡಿ ದ್ವಾರಗಳನ್ನು ತಡೆದರು. 2024ರ ಫೆಬ್ರುವರಿಯಲ್ಲಿ ಪ್ರತಿಭಟನಾಕಾರರು ಉಕ್ರೇನಿನಿಂದ ಬಂದ ಗೂಡ್ಸ್ ವ್ಯಾಗನ್ನುಗಳ ಬಾಗಿಲು ತೆರೆದು ಧಾನ್ಯವನ್ನು ಹಳಿಗಳ ಮೇಲೆ ಸುರಿದರು. ಯುದ್ಧದಲ್ಲಿ ಬೆಳೆದ ಕಾಳು ಮಣ್ಣುಪಾಲಾದ ಆ ದೃಶ್ಯ ಉಕ್ರೇನಿನಲ್ಲಿ ಎಷ್ಟು ನೋವು ತಂದಿರಬೇಕೆಂದು ಯಾವ ರೈತನಿಗೂ ತಿಳಿಯುತ್ತದೆ. ಸಾಲ ಮಾಡಿ ಬೆಳೆದ ಫಸಲು ಮಾರಾಟವಾಗದೆ ಉಗ್ರಾಣದಲ್ಲಿ ಉಳಿದ ಪೋಲಿಷ್ ರೈತನ ಸಂಕಟವೂ ಸುಳ್ಳಲ್ಲ. ಈ ಇಬ್ಬರ ನಡುವಿನ ಇತ್ಯರ್ಥವನ್ನು ಯಾವ ಒಕ್ಕೂಟದ ಘೋಷಣೆಯೂ ಮಾಡಲಾರದು. ಅದು ಕೋಟಾ, ಸುಂಕ, ಸಹಾಯಧನ ಎಂಬ ಪದಗಳಲ್ಲಿ, 2024ರ ಜೂನ್‌ನಲ್ಲಿ ಶುರುವಾದ ಉಕ್ರೇನಿನ ಐರೋಪ್ಯ ಸದಸ್ಯತ್ವದ ಮಾತುಕತೆಯಲ್ಲಿ, ಅಧ್ಯಾಯ ಅಧ್ಯಾಯವಾಗಿ ಆಗಬೇಕಾದ ಕೆಲಸ.

ಇನ್ನೊಂದು ಅಡ್ಡಿ ನೆಲದ ಮೇಲೇ ಇದೆ. ಉಕ್ರೇನಿನ ರೈಲು ಹಳಿಗಳ ಅಗಲ 1520 ಮಿಲಿಮೀಟರ್, ಪೋಲೆಂಡಿನವು 1435. ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಕೂಡುವ ಜಂಕ್ಷನ್ನುಗಳಲ್ಲಿ ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುತ್ತಿದ್ದುದನ್ನು ಕಂಡ ನಮ್ಮ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಡಿಯಲ್ಲಿ ಒಂದೋ ಮಾಲನ್ನು ಬೇರೆ ವ್ಯಾಗನ್ನಿಗೆ ತುಂಬಬೇಕು, ಇಲ್ಲವೇ ವ್ಯಾಗನ್ನನ್ನು ಎತ್ತಿ ಕೆಳಗಿನ ಚಕ್ರಗಳನ್ನೇ ಬದಲಿಸಬೇಕು. ಪೋಲೆಂಡಿನೊಳಗೆ ಸುಮಾರು 400 ಕಿಲೋಮೀಟರ್ ಉದ್ದದ ಒಂದು ಅಗಲ ಹಳಿ ಮಾರ್ಗವಿದೆ. ಸೋವಿಯತ್ ಒಕ್ಕೂಟದ ಕಬ್ಬಿಣದ ಅದಿರನ್ನು ಪೋಲೆಂಡಿನ ಉಕ್ಕಿನ ಕಾರ್ಖಾನೆಗೆ ತರಲು 1970ರ ದಶಕದಲ್ಲಿ ಹಾಕಿದ್ದು. ಯುದ್ಧ ಬಂದಾಗ ಆ ಹಳೆಯ ಮಾರ್ಗವೇ ಉಪಯೋಗಕ್ಕೆ ಬಂತು. ಉಕ್ರೇನ್ ಈಗ ತನ್ನ ಕಡೆಯಿಂದ ಯುರೋಪಿನ ಅಳತೆಯ ಹಳಿ ಹಾಕತೊಡಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾ ಮತ್ತು ಹಂಗೇರಿ ಗಡಿಗಳ ಬಳಿಯ ಚೋಪ್‌ನಿಂದ ಉಜ್‌ಹೊರೊದ್‌ವರೆಗೆ 22 ಕಿಲೋಮೀಟರ್ ಸಿದ್ಧವಾಯಿತು. ಲ್ವಿವ್ ನಗರದಿಂದ ಪೋಲೆಂಡ್ ಗಡಿಯವರೆಗೂ ಅಂಥ ಹಳಿ ಹಾಕುವ ಯೋಜನೆ ಇದೆ.